ಪಾಪನ್ನ ಎತ್ಕೊಳ್ಳೋರು

...ಹಂಗಲ್ಲ ಕಣ್ರೋ, ಜಾಣ ಮಕ್ಳು ಅಂದ್ರೆ ಫಸ್ಟ್ ಬರೋರು ಅಂತ್ಲೇ ನಾನೂ ಅಂದ್ಕೊಂಡಿದ್ದೆ, ಮಾಲೂರಿಗೆ ಟೀಚರ್ ಕೆಲಸಕ್ಕೆ ಬಂದಾಗ. ಮೊದಲ್ನೇ ಕೆಲಸ. ನಮ್ಮೂರು ತಿಪಟೂರು ಕಡೆ ಅಲ್ವಾ, ತೆಲುಗು ಒಂದಕ್ಷರ ಬರ್ತಿರ್ಲಿಲ್ಲ. ಕ್ಲಾಸ್ ನೋಡಿದ್ರೆ ಅರ್ಧ ಇಟ್ಟಿಗೆ ಗೂಡಿನ್ ಮಕ್ಳು, ಆಂಧ್ರದ ಕಡೆಯೋರು, ಬರೀ ತೆಲುಗು. ಈ ಕಡೆ ಸಾಲಲ್ಲಿ ಉರ್ದು ಮಾತಾಡೋ ಮಕ್ಳು. ನಾನ್ ಹೇಳಿದ್ದು ಯಾರ ತಲೆಗ್ ಹತ್ತಿತೋ ದೇವ್ರಿಗೇ ಗೊತ್ತು, ಸಂಜೆಗೆ ಗಂಟಲು ಹರ್ದೋಗೋದು. ಅದ್ರಲ್ಲಿ ನಾಗಮಣಿ ಅಂತ ಒಬ್ಳು, ಮೂರನೇ ಕ್ಲಾಸು... ಅಲ್ಲಲ್ಲ, ನಾಲ್ಕನೇದು, ಗೂಡಿನ್ ಹುಡುಗೀನೇ. ಕಾಪಿ ಬರೆಯಲ್ಲ, ಲೆಕ್ಕ ತಪ್ಪು, ಇಡೀ ದಿನ ಗುಸುಗುಸು ಗುಸುಗುಸು. ಹೆಡ್ಮಾಸ್ಟರು, "ಆ ವಾಚಾಳೀನ ಹೊರಗ್ ನಿಲ್ಸಮ್ಮ" ಅನ್ನೋರು. ಒಂದಿನ ನರಿ ಕಥೆ ಹೇಳ್ತಿದ್ದೀನಿ, ಹಿಂದಿನ್ ಸಾಲಿನ ಗೂಡಿನ್ ಮಕ್ಳು ಗೊಳ್ ಅಂತ ನಕ್ರು. ಸ್ವಲ್ಪ ತಡೆದು ಉರ್ದು ಮಕ್ಳು ನಕ್ರು. ಏನಿದು ಅಂತ ಕಿವಿ ಕೊಟ್ರೆ, ಇವಳು ನನ್ ಕಥೇನ ಆ ಕಡೆ ತೆಲುಗಲ್ಲಿ, ಈ ಕಡೆ ಉರ್ದುನಲ್ಲಿ ಹೇಳ್ತವ್ಳೆ! ನಾನ್ ಹೇಳ್ದಾಗ ಒಬ್ರೂ ನಕ್ಕಿರ್ಲಿಲ್ಲ, ನೋಡಿ. "ಉರ್ದು ಯಾರ್ ಕಲ್ಸಿದ್ರೇ?" ಅಂದ್ರೆ, "ಶಾಹೀನಾ ಪಕ್ಕ ಕೂತ್ಕೋತೀನಲ್ಲ ಮಿಸ್" ಅಂದ್ಳು, ಅಷ್ಟೇ.

ಮಳೆ ಬಿದ್ರೆ ಗೂಡು ನಿಲ್ತದೆ, ಜನ ಅವರೂರಿಗೆ ಹೊರಡ್ತಾರೆ. ಅಷ್ಟರೊಳಗೆ ಈ ಮಗೂನ ಹಾಸ್ಟೆಲ್‌ಗೆ ಸೇರಿಸ್ಬೇಕು ಅಂತ ಗೂಡಿಗೇ ಹೋದೆ. ಅವರಮ್ಮ ಮಣ್ಣು ತುಳೀತಿದ್ಳು. ನಂಗೆ ತೆಲುಗು ಬರಲ್ಲ, ಅವಳಿಗೆ ಕನ್ನಡ ಬರಲ್ಲ. ಮಧ್ಯೆ ನಾಗಮಣೀನೇ, ಕಂಕುಳಲ್ಲಿ ತಂಗಿ ಎತ್ಕೊಂಡು. "ನಿನ್ನ ಇಲ್ಲೇ ಬಿಟ್ಟು ಓದ್ಸಿ ಅಂತಿದೀನಿ, ಹೇಳೇ." ಹೇಳಿದ್ಳು. ಅಮ್ಮ ಮುಖ ಎತ್ಲಿಲ್ಲ, "ಪಾಪನಿ ಎವರು ಚೂಸ್ತಾರು?" ಅಂದ್ಳು. ನಾಗಮಣಿ ನನ್ ಕಡೆ ತಿರುಗಿ, "ಪಾಪನ್ನ ಯಾರ್ ನೋಡ್ಕೋತಾರೆ ಅಂತಾಳೆ ಮಿಸ್." ಕಣ್ಣಲ್ಲಿ ನೀರು ಸುರೀತೈತೆ, ಮಾತು ಮಾತ್ರ ಅಮ್ಮಂದೇ, ಹೆಚ್ಚಿಲ್ಲ ಕಮ್ಮಿಯಿಲ್ಲ. "ನಿನ್ ಪರವಾಗಿ ಒಂದ್ ಮಾತು ಸೇರಿಸ್ಬಾರ್ದೇನೇ?" ಅಂದೆ. "ಅದು ಅಮ್ಮ ಹೇಳ್ಲಿಲ್ವಲ್ಲ ಮಿಸ್."

ಹೊರಟೋದ್ರು. ಮಳೆ ಮುಗಿದ್ಮೇಲೆ ಬಂದ್ರು ಅಂತೀರಾ? ಬಂದ್ರು, ಬಂದ್ರು. ಪಾಪನ್ನೂ ಎತ್ಕೊಂಡೇ ಸ್ಕೂಲಿಗ್ ಬಾರೇ ಅಂದೆ. ಹೆಡ್ಮಾಸ್ಟರು ಗೊಣಗಿದ್ರು, ಗೊಣಗ್ಲಿ. ಪಾಪ ನನ್ ತೊಡೆ ಮೇಲೆ ಉಚ್ಚೆ ಹೊಯ್ತಿತ್ತು, ಇವಳು ಓದ್ತಿದ್ಳು, ಏಳನೇ ಕ್ಲಾಸ್ ಗಂಟ. ಆಮೇಲೆ ಆ ಗೂಡೂ ಮುಚ್ತು, ಹೊಸೂರ್ ಕಡೆ ಹೋದ್ರಂತೆ, ಈಗ ಎಲ್ಲವ್ಳೋ ಏನ್ ಮಾಡ್ತವ್ಳೋ. ಸುಸ್ತಾಯ್ತು ಬಿಡ್ರಪ್ಪ. ಮಗು ಜಾಣೆ ಅಂತ ಗುರ್ತು ಹಿಡಿಯೋದೇನ್ ಮಹಾ, ಕಿವಿ ಇದ್ರೆ ಸಾಕು. ಅವಳ ಕಂಕುಳಿನ್ ಕೂಸನ್ನ ಯಾರಾದ್ರೂ ಇಸ್ಕೋಬೇಕಲ್ಲ.