ಪೆಟ್ಟಿಗೆಯ ಮೇಲಿನ ಕಾಗದ

ಸನ್ಮಾನ್ಯ ಅಧ್ಯಕ್ಷರಾದ ಮಲ್ಲಿಕಾರ್ಜುನಪ್ಪನವರೇ, ಒಂದು ಗಂಟೆ ತಡವಾಗಿಯಾದರೂ ದಯಮಾಡಿಸಿದ ಮುಖ್ಯ ಅತಿಥಿಗಳೇ, ಮುಂದಿನ ಸಾಲಿನಲ್ಲಿ ಕುಳಿತಿರುವ ಚಂದ್ರಮೌಳಿಯ ತಾಯಿ ಸಿದ್ದಲಿಂಗಮ್ಮನವರೇ, ಚನ್ನಗಿರಿಯ ಸಭಿಕರೇ,

ಕರೆಯೋಲೆಯಲ್ಲಿ 'ಹುತಾತ್ಮ ಚಂದ್ರಮೌಳಿಯ ಭಾವಚಿತ್ರ ಅನಾವರಣ' ಎಂದು ಅಚ್ಚಾಗಿದೆ. ಯಾವ ಪುಣ್ಯಾತ್ಮ ಬರೆದದ್ದು? ಹುಡುಗ ಯಾವ ಯುದ್ಧಕ್ಕೆ ಹೋಗಿದ್ದ? ತ್ಯಾವಣಿಗೆಯಿಂದ ಬಂದು, ಇದೇ ಹೈಸ್ಕೂಲಿನಲ್ಲಿ ನನ್ನಿಂದ ಇಂಗ್ಲಿಷ್ ಕಲಿತು, ಬೇಸಾಯ ಶಾಸ್ತ್ರ ಓದಲು ಪರದೇಶಕ್ಕೆ ಹೋದವನು. ಕಳೆದ ವರ್ಷ, ಎಂಬತ್ತೈದರಲ್ಲಿ, ಅಲ್ಲಿನ ರೈಲ್ವೆ ನಿಲ್ದಾಣದಲ್ಲಿ ಟಿಕೆಟ್ಟಿಗೆ ಸಾಲಿನಲ್ಲಿ ನಿಂತಿದ್ದ. ಯಾರೋ ಕೈಚೀಲದಲ್ಲಿ ಬಾಂಬಿಟ್ಟು ಹೋದರು. ಅವರ ಜಗಳ ಯಾರ ಮೇಲೆ? ಇವನ ಹೆಸರಾದರೂ ಅವರಿಗೆ ಗೊತ್ತಿತ್ತೇ? ಇಪ್ಪತ್ತಮೂರರ ಹುಡುಗನನ್ನು ಕೊಂದು, ಮರುದಿನ 'ನಾವೇ ಮಾಡಿದ್ದು' ಎಂದು ಪತ್ರಿಕೆಗೆ ಹೇಳಿಕೆ ಕೊಟ್ಟರಲ್ಲ, ಥೂ, ಅವರ ಬಾಯಿಗೆ ಮಣ್ಣು ಬೀಳ!

ಹಿರಿಯರು ಕ್ಷಮಿಸಬೇಕು. ಸಭೆಯಲ್ಲಿ ನಾಲಿಗೆ ಬಿಗಿಹಿಡಿಯಬೇಕು ಎಂದು ನಿಮ್ಮ ಮಕ್ಕಳಿಗೆ ಮೂವತ್ತು ವರ್ಷ ಪಾಠ ಹೇಳಿದವನು ನಾನೇ.

ಅನಾವರಣ ನನ್ನ ಕೈಯಿಂದಲೇ ಆಗಬೇಕಂತೆ. 'ಪೆಟ್ಟಿಗೆ ಬಂದ ದಿನ ನೀವಿಲ್ದಿದ್ರೆ ನಮ್ ಗತಿ ಏನ್ರೀ ಮೇಷ್ಟ್ರೇ' ಎಂದು ಹುಡುಗನ ಸೋದರಮಾವ ಬೈಲಪ್ಪನವರು ಈಗಷ್ಟೇ ಹೊಗಳಿದರು. ಆ ದಿನ ನಾನೇನು ಮಾಡಿದೆ, ಕೇಳಿ.

ನಮ್ಮಲ್ಲಿ ಸತ್ತವರನ್ನು ಕೂರಿಸಿ, ಅಂಗೈಯಲ್ಲಿ ಲಿಂಗವಿಟ್ಟು ಮಣ್ಣು ಮಾಡುತ್ತೇವೆ. ಚಂದ್ರಮೌಳಿ ಮೊಳೆ ಹೊಡೆದ ಪೆಟ್ಟಿಗೆಯಲ್ಲಿ ಮಲಗಿ ಬಂದ. ಕೊರಳಿನ ಲಿಂಗ ಅಲ್ಲೇ ಎಲ್ಲೋ ಹೋಗಿತ್ತು. ಸಿದ್ದಲಿಂಗಮ್ಮನವರು ಬೇರೊಂದು ಲಿಂಗ ಹಿಡಿದು ನಿಂತಿದ್ದರು. ಪೆಟ್ಟಿಗೆಯ ಮೇಲೆ ಇಂಗ್ಲಿಷ್ ಕಾಗದ ಅಂಟಿಸಿತ್ತು. ಸುತ್ತ ನಿಂತವರಲ್ಲಿ ಓದಬಲ್ಲವನು ನಾನೊಬ್ಬನೇ ಎಂದು ಎಲ್ಲರೂ ನನ್ನ ಮುಖ ನೋಡಿದರು. ಓದಿದೆ. 'ತೆಗೆಯೋ ಹಂಗಿಲ್ಲ, ಸರ್ಕಾರದ ಕಟ್ಟಪ್ಪಣೆ ಐತೆ' ಎಂದೆ. ಮೇಷ್ಟ್ರು ಹೇಳಿದ ಮೇಲೆ ಮುಗಿಯಿತಲ್ಲ! ಮಲಗಿದ ಹಾಗೆಯೇ ಮಣ್ಣು ಮಾಡಿದೆವು. ಆ ತಾಯಿ ಲಿಂಗವನ್ನು ಹಲಗೆಯ ಮೇಲಿಟ್ಟರು.

ಆ ಕಾಗದವನ್ನು ಆಕೆ ಬಿಡಿಸಿ ಇಟ್ಟುಕೊಂಡಿದ್ದಾರೆ. ಪ್ರತಿ ಅಮಾವಾಸ್ಯೆಗೆ ನಮ್ಮ ಮನೆಗೆ ತರುತ್ತಾರೆ. 'ಇನ್ನೊಂದ್ ಸಲ ನೋಡ್ರಿ ಮೇಷ್ಟ್ರೇ, ನನ್ ಮಗನ ಕೈ ಮುಟ್ಟಬೋದಿತ್ತು ಅಂತ ಅದ್ರಾಗೆ ಎಲ್ಲಾದ್ರೂ ಬರದೈತೇನು?' ನಾನು ಕನ್ನಡಕ ಏರಿಸಿ, ಓದಿದಂತೆ ಮಾಡಿ, ಇಲ್ಲಮ್ಮ ಅನ್ನುತ್ತೇನೆ.

ಬರೆದಿದೆ ತಾಯಿ. ಎರಡನೆಯ ಸಾಲಿನಲ್ಲೇ ಬರೆದಿದೆ. ಸರ್ಕಾರಿ ಅಧಿಕಾರಿಯ ಎದುರು ಪೆಟ್ಟಿಗೆ ತೆರೆಯಬಹುದು ಎಂದಿದೆ. ತಹಸೀಲ್ದಾರರು ಹೊರಗೆ ನಿಮ್ಮ ಕಟ್ಟೆಯ ಮೇಲೆಯೇ ಕೂತು ಚಹಾ ಕುಡಿಯುತ್ತಿದ್ದರು, ನಾನು ಕರೆಯಲಿಲ್ಲ. ನನಗೆ ಹೆದರಿಕೆಯಾಯಿತು. ಒಳಗೆ ಹುಡುಗ ಹೇಗಿದ್ದಾನೋ, ನೋಡಲಾರೆ ಎನ್ನಿಸಿತು. ನನ್ನ ಪುಕ್ಕಲುತನಕ್ಕೆ ಸರ್ಕಾರದ ಹೆಸರು ಹೇಳಿದೆ. ನಿಮ್ಮ ಮಗನನ್ನು ಕೊಂದವರು ಪರದೇಶದವರು. ಬರಿಗೈಲಿ ಮಣ್ಣಿಗೆ ಕಳಿಸಿದವನು ನಾನು.

ಅಧ್ಯಕ್ಷರೇ, ಆ ಪರದೆ ಎಳೆಯಲು ನನ್ನ ಕೈ ಬೇಡ, ಈ ಹಾರವೂ ಬೇಡ. ತಾಳ್ಮೆಯಿಂದ ಕೇಳಿದ್ದಕ್ಕೆ ನಿಮಗೆಲ್ಲ ವಂದನೆ. ಸಿದ್ದಲಿಂಗಮ್ಮನವರೇ, ಏಳಬೇಡಿ, ಕೂತಿರಿ. ನಾನೇ ಕೆಳಗಿಳಿದು ಬರುತ್ತೇನೆ. ನಮಸ್ಕಾರ.