ಮೂರನೇ ಸೀಲು

ಮದ್ದೂರಿನಿಂದ ಕೊಪ್ಪಕ್ಕೆ ಹೊರಟ ಬಸ್ಸಿನಲ್ಲಿ ವೀಣಳ ಮುಂದಿನ ಸೀಟಿನವರಿಬ್ಬರೂ ಬಸ್ಸಿಗೆಲ್ಲ ಕೇಳುವಂತೆ ಮಾತಾಡುತ್ತಿದ್ದರು. ಮಣ್ಣು ತೋಡುವ ಯಂತ್ರದ ಮಾಲೀಕ ಯತೀಶನಿಗೆ ಆತುರ. ಮೆಕ್ಯಾನಿಕ್ ಇಸಾಕನ ತೊಡೆಯ ಮೇಲೆ, ಗೇರ್‌ಬಾಕ್ಸಿನ ಎಣ್ಣೆ ಸೋರದಂತೆ ತಡೆಯುವ ಹೊಸ ಆಯಿಲ್ ಸೀಲಿನ ಪೊಟ್ಟಣ.

“ಬೇಗ ಆಯ್ತದಾ ಇಸಾಕಣ್ಣ? ಎಣ್ಣೆಯೆಲ್ಲ ಸೋರಿ ಮಿಸನ್ನು ಕಾಲ್ವೆ ಒಳಗೇ ನಿಂತದೆ. ಬೆಳಿಗ್ಗೆ ನೀರು ಬುಡ್ತಾರೆ.”

“ಹಬ್ಬ ಆದ್ಮೇಲೆ ಇದು ಮೂರ್ನೇ ಸೀಲು ಕಣಪ್ಪ. ಸೀಲಿನ ತಪ್ಪಲ್ಲ ಬುಡು. ಹಬ್ಬಕ್ಕೆ ಏನ್ ಮಾಡ್ದೆ ಮಿಸನ್ಗೆ?”

“ಆಯುಧಪೂಜೆಗೆ ಎಲ್ರೂ ಮಾಡಂಗೆ. ತೊಳ್ದು, ಅಡಿಯಿಂದ ಮುಡಿಗಂಟ ಬಣ್ಣ ಒಡುಸ್ದೆ. ಎರಡು ಕೋಟು!”

“ಗೇರ್‌ಬಾಕ್ಸ್ ಮೇಲೆ ಸಣ್ಣ ಮೂತಿ ಅದಲ್ಲ, ಅದ್ಕೂವಾ?”

“ಅದ್ಕೆ ಅರಿಸಿನ ಕುಂಕುಮನೂ ಮೆತ್ತಿವ್ನಿ.”

“ಅದು ಗೇರ್‌ಬಾಕ್ಸು ಉಸ್ರಾಡೋ ತೂತು ಕಣ್ಲಾ! ಮೂಗು ಮುಚ್ಬುಟ್ಟು ಪೂಜೆ ಮಾಡಿದೀಯ. ಒಳಗಿನ ಬಿಸಿಗಾಳಿಗೆ ದಾರಿ ಇಲ್ದೆ, ಸೀಲು ತಳ್ಕೊಂಡು ಎಣ್ಣೆ ಸಮೇತ ಈಚೆಗೆ ಬತ್ತದೆ.”

ಯತೀಶ ಪೊಟ್ಟಣದ ಕಡೆ ಬೆರಳು ತೋರಿಸಿದ.

“ಅಂಗಾರೆ ಈ ಸೀಲು?”

“ಆಕ್ತೀನಿ. ಮೊದ್ಲು ತೂತು ಬುಡುಸ್ಬೇಕು.” ಇಸಾಕ್ ಹಿಂದೆ ತಿರುಗಿದ. “ನನ್ ಚೀಲ್ದಲ್ಲಿರೋವೆಲ್ಲ ದಪ್ಪ ಸಾಮಾನು. ಒಂದು ಪಿನ್ನಿದ್ರೆ ಕೊಡವ್ವ.”

ವೀಣ ಬಳೆಗೆ ಸಿಕ್ಕಿಸಿದ್ದ ಪಿನ್ನುಗಳಲ್ಲಿ ಗಟ್ಟಿಯಾದದ್ದನ್ನು ಆರಿಸಿ ಕೊಟ್ಟಳು.

ಕಾಲುವೆ ಸೇತುವೆಯ ಹತ್ತಿರ ಇಬ್ಬರೂ ಇಳಿದರು. ಇಸಾಕನಿಂದ ಎರಡನ್ನೂ ಇಸಿದುಕೊಂಡ ಯತೀಶ, ಸೀಲಿನ ಪೊಟ್ಟಣವನ್ನು ಜೇಬಿಗೆ ತುರುಕಿ, ಪಿನ್ನನ್ನು ಮಾತ್ರ ಕೈಯಲ್ಲೇ ಜೋಪಾನವಾಗಿ ಹಿಡಿದು ಓಡಿದ.