ಮಡಕೆ ತೊಳೆದ ಸಾಕವ್ವ

ಕೇಳ್ರಪ್ಪೋ ಕೇಳಿ! ಹೂಂ ಅನ್ನೋರಿದ್ರೆ ಕತೆ ಮುಂದಕ್ಕೆ, ತೂಕಡಿಸೋರು ಮನೆ ಕಡೆಗೆ. ಬೆಟ್ಟದಾಚೆ ಒಂದೂರು. ಹೆಸರು ಕೇಳಬೇಡಿ, ಹೆಸರಿಟ್ಟೋರೇ ಈಗಿಲ್ಲ. ಆ ಊರಲ್ಲಿ ಬಾಳೆಹಣ್ಣಿನ ಹೆಂಡ ಇಲ್ಲದೆ ಮದುವೆ ಇಲ್ಲ. ಹೆಣ್ಣಿನ ಕಡೆಯೋರು ಹೆಂಡ ಬಗ್ಗಿಸಿದರೇನೇ ಬೀಗರು ಮಣೆ ಮೇಲೆ ಕೂರೋದು.

ಹೆಂಡ ಹಾಕೋ ಮನೆ ಎರಡೇ. ಅಕ್ಕ ಸಾಕವ್ವಂದು, ತಂಗಿ ನೀಲೀದು. ಹಣ್ಣು ಕಿವುಚಿ ತುಂಬಿಟ್ಟರೆ ಹೆಂಡ ಆಗ್ತದಾ? ಇಲ್ಲ ಸ್ವಾಮಿ. ಮೊಸರಿಗೆ ಹೆಪ್ಪು ಹೇಗೋ, ಹೆಂಡಕ್ಕೆ ಹಳೇ ಮಡಕೆ ತಳದ ಗಷ್ಟು ಹಾಗೆ. ಅದಕ್ಕೇ ಆ ಮಡಕೆ ತೊಳೆಯೋ ಹಾಗಿಲ್ಲ. ಅವ್ವ ಸತ್ತಮೇಲೆ ಅವಳ ಮಡಕೆ ಬಂದದ್ದು ಸಾಕವ್ವನಿಗೆ. ಊರು ಹೊಗಳಿದ್ದು ಮಾತ್ರ ನೀಲಿ ಕೈರುಚೀನ. ಅಕ್ಕನಿಗೆ ಹೊಟ್ಟೆ ಉರೀತು.

ನೀಲಿ ಮಗಳಿಗೆ ಮದುವೆ ಗೊತ್ತಾಯ್ತು. ಅದೇ ಹೊತ್ತಿಗೆ ಕರು ಒದ್ದು ನೀಲಿ ಮಡಕೆ ಒಡೀತು, ಗಷ್ಟೆಲ್ಲ ಮಣ್ಣುಪಾಲು. ಓಡಿ ಬಂದಳು.

"ಅಕ್ಕಾ, ಒಂದು ಚಿಪ್ಪು ಗಷ್ಟು ಕೊಡೇ."

"ನಾಳೆ ಬಾ."

ನಾಳೆ ಬಂದಳು. "ಅಕ್ಕಾ, ಒಂದೇ ಚಿಪ್ಪು ಕೊಡೇ."

"ದೀಪ ಹಚ್ಚಿದ ಮೇಲೆ ಕೊಡಬಾರದು, ಹೋಗು."

ಮೂರನೇ ಸಲ ಬಂದವಳು ಸೆರಗೊಡ್ಡಿದಳು. "ನಂಗಲ್ಲ ಕಣಕ್ಕಾ, ಮಗೀಗೆ."

"ಮಡಕೆ ತೊಳೆದುಬಿಟ್ನಲ್ಲೇ!" ಅಂದಳು ಸಾಕವ್ವ. ತೊಳೆದಿದ್ದಳಾ? ಎಲ್ಲೀದು! ಸುಳ್ಳನ್ನ ನಿಜ ಮಾಡೋಕೆ ಒಳಗೆ ಹೋಗಿ ಗಸಗಸ ಉಜ್ಜಿದಳು. ನೀರು ಹಿತ್ತಲಿಗೆ ಸುರಿದು, ಬಾಗಿಲು ಹಾಕ್ಕೊಂಡಳು.

ಆದರೂ ಮದುವೆ ನಡೀತು, ಹೆಂಡವೂ ಹರೀತು. ಎಲ್ಲಿಂದ ತಂದಳೋ! ಸಾಕವ್ವ ಹೋಗಲೇ ಇಲ್ಲ.

ಮುಂದಿನ ಗೊನೆ ಹಣ್ಣಾಯ್ತು. ಸಾಕವ್ವ ಕಿವುಚಿಟ್ಟಳು, ಕೊಳೀತು. ಇನ್ನೊಮ್ಮೆ ಇಟ್ಟಳು, ಬೂಸ್ಟು ಹಿಡೀತು. ಮತ್ತೊಮ್ಮೆ ಇಟ್ಟಳು, ಹುಳ ಬಿತ್ತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರೀತು. ಅಷ್ಟರಲ್ಲಿ ನೀಲಿ ಕಾಯಿಲೆ ಬಿದ್ದಳು. ನಾಳೆ ಹೋಗಿ ತಪ್ಪಾಯ್ತು ಅಂತೀನಿ, ನಾಳೆ ಹೋಗ್ತೀನಿ ಅಂದ್ಕೊಂಡೇ ಕೂತಳು ಸಾಕವ್ವ. ನೀಲಿ ಕಾಯಲಿಲ್ಲ, ಕಣ್ಣು ಮುಚ್ಚಿದಳು.

ಮಣ್ಣಾದ ಮೇಲೆ ಸಾಕವ್ವ ತಂಗಿ ಮನೆ ಜಗಲಿಗೆ ಬಂದು, ಸೆರಗೊಡ್ಡೋಕೆ ಕೈ ಎತ್ತಿದಳು. ನೀಲಿ ಮಗಳು ಆ ಕೈ ಹಿಡ್ಕೊಂಡು, ಒಂದು ಚಿಪ್ಪು ಗಷ್ಟು ತಂದಿಟ್ಟಳು.

"ಸೆರಗು ಬುಡು ದೊಡ್ಡವ್ವ. 'ಅಕ್ಕ ಬತ್ತಾಳೆ, ಸೆರಗೊಡ್ಡಿಸ್ಬ್ಯಾಡ, ಕೇಳೋಕ್ ಮುಂಚೆ ಕೊಡು' ಅಂತ ಹೇಳೋಗವ್ಳೆ ಅವ್ವ."

"ಇದೆಲ್ಲಿತ್ತೇ ಮಗಾ?"

"ನೀನು ಚೆಲ್ಲಿದ್ ನೀರಿಗೇ ಸೆರಗು ಅದ್ದಿ, ತಂದು ಹಣ್ಣಿನ ಮಡಕೇಲಿ ಹಿಂಡಿದ್ಲು. ನಿಂದೇ ಇದು."

ಆಮೇಲೆ ಸಾಕವ್ವನ ಹೆಂಡ ಚೆನ್ನಾಗೇ ಬಂತು. ಊರೆಲ್ಲ ಕುಡೀತು. ಅವಳು ಸಾಯೋತನಕ ಒಂದು ಗುಟುಕೂ ಕುಡೀಲಿಲ್ಲ.

ಹೆಂಡ ಊರಿಗೆ, ಗಷ್ಟು ಮಡಕೆಗೆ. ಕತೆ ನಿಮ್ಮನೆಗೆ, ಬಾಯಾರಿಕೆ ನನ್ನ ಗಂಟಲಿಗೆ.